ಈಕ್ವಡಾರಿನ ಜ್ವಾಲಾಮುಖಿಗಳ ನಡುವೆ ಒಂಬತ್ತು ದಿನ: ಒಂದು ಪ್ರವಾಸದ ವಿಮರ್ಶೆ

ಅಡಿಕೆಗೆ ಮೊದಲ ಸುತ್ತಿನ ಮದ್ದು ಬಿಟ್ಟು ಮುಗಿದ ಮೇಲೆ, ಊರಿನಲ್ಲಿ ಆಟಿಯ ಮಳೆ ಸುರಿಯುತ್ತಿದ್ದ ದಿನಗಳಲ್ಲಿ, ನಾನು ಮತ್ತು ನನ್ನ ಪತ್ನಿ ನೀರ್ಚಾಲಿನಿಂದ ಹೊರಟು ದಕ್ಷಿಣ ಅಮೆರಿಕದ ಈಕ್ವಡಾರ್ ದೇಶದಲ್ಲಿ ಒಂಬತ್ತು ದಿನಗಳ ಪ್ರವಾಸ ಮುಗಿಸಿ ಬಂದೆವು. ಆಂಡಿಸ್ ಪರ್ವತಶ್ರೇಣಿಯ ಜ್ವಾಲಾಮುಖಿಗಳನ್ನೂ ಎತ್ತರದ ಹಳ್ಳಿಗಳನ್ನೂ ತೋರಿಸುವ ಈ ಪ್ರವಾಸವನ್ನು ಕೀಟೊ ನಗರದ ಸಣ್ಣ ಸಂಸ್ಥೆಯೊಂದು ನಡೆಸುತ್ತದೆ. ತಂಡದಲ್ಲಿ ಹತ್ತು ಮಂದಿ ಪ್ರವಾಸಿಗಳು, ಒಬ್ಬ ಮಾರ್ಗದರ್ಶಿ, ಒಬ್ಬ ಚಾಲಕ. ಕಾಸರಗೋಡು ಭಾಗದಿಂದ ಅಷ್ಟು ದೂರ ಹೋಗುವವರು ಕಡಿಮೆಯಾದರೂ ಮರಳಿದ ಮೇಲೆ ವಿಚಾರಿಸಿದವರು ಹಲವರಿದ್ದುದರಿಂದ ಇದನ್ನು ಬರೆಯುತ್ತಿದ್ದೇನೆ.

ಈ ಸಂಸ್ಥೆಯ ಕೆಲಸದಲ್ಲಿ ನಾನು ಮೊದಲು ಮೆಚ್ಚಿದ್ದು ದಿನಗಳನ್ನು ಜೋಡಿಸಿದ ಕ್ರಮವನ್ನು. ಕೀಟೊ ನಗರವೇ 2,850 ಮೀಟರ್ ಎತ್ತರದಲ್ಲಿದೆ. ಸಮುದ್ರದ ಮಗ್ಗುಲಲ್ಲಿ ಬೆಳೆದ ನಮ್ಮಂಥವರಿಗೆ ಅಲ್ಲಿ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಆದ್ದರಿಂದ ಮೊದಲ ಎರಡು ದಿನಗಳಲ್ಲಿ ಹಳೆಯ ನಗರದ ಚರ್ಚುಗಳನ್ನು ನಿಧಾನವಾಗಿ ನೋಡುವುದರ ಹೊರತು ಬೇರೇನನ್ನೂ ಇಟ್ಟುಕೊಂಡಿರಲಿಲ್ಲ. ಮೂರನೆಯ ದಿನ, ಬುಧವಾರ, ಕೊಟೊಪಾಕ್ಸಿ ರಾಷ್ಟ್ರೀಯ ಉದ್ಯಾನಕ್ಕೆ ಹೊರಡುವ ಮುನ್ನ ಮಾರ್ಗದರ್ಶಿ ಎಲ್ಲರ ಬೆರಳಿಗೂ ಆಮ್ಲಜನಕ ಅಳೆಯುವ ಉಪಕರಣ ಹಾಕಿ ನೋಡಿ, ತಲೆನೋವಿದೆಯೇ, ರಾತ್ರಿ ನಿದ್ದೆ ಬಂದಿತೇ ಎಂದು ಒಬ್ಬೊಬ್ಬರನ್ನೂ ಕೇಳಿದರು. ನನ್ನ ಪತ್ನಿಗೆ ಬೆಳಗ್ಗಿನಿಂದಲೇ ತಲೆ ಭಾರವಾಗಿತ್ತು. ಅವಳು ಮೇಲೆ ಬರುವುದು ಬೇಡವೆಂದು ಅವರು ಸ್ಪಷ್ಟವಾಗಿ ಹೇಳಿ, ಲಿಂಪಿಯೊಪುಂಗೊ ಎಂಬ ಕೆರೆಯ ದಂಡೆಯಲ್ಲಿ ಚಾಲಕನ ಜೊತೆ ನಿಲ್ಲಿಸಿದರು. ಹಣ ಕೊಟ್ಟು ಬಂದವರಿಗೆ ಬೇಡವೆನ್ನಲು ಧೈರ್ಯ ಬೇಕು; ಆ ಧೈರ್ಯ ತೋರಿದ್ದಕ್ಕೆ ನಾನು ಅವರಿಗೆ ಕೃತಜ್ಞನಾಗಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಅವಳು ಚೇತರಿಸಿಕೊಂಡಿದ್ದಳು.

ಉಳಿದವರು ವಾಹನ ನಿಲ್ಲುವ ಜಾಗದಿಂದ ಸಡಿಲವಾದ ಕೆಂಪು ಬೂದಿಯ ಮೇಲೆ ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ಜಾರುತ್ತ 4,864 ಮೀಟರ್ ಎತ್ತರದ ತಂಗುಮನೆಯವರೆಗೆ ಏರಿದೆವು. ಕೊಟೊಪಾಕ್ಸಿಯ ತುದಿ 5,897 ಮೀಟರ್. ಅದು ಇನ್ನೂ ಜೀವಂತ ಜ್ವಾಲಾಮುಖಿ. 2015ರ ಆಗಸ್ಟ್‌ನಲ್ಲಿ ಬೂದಿ ಉಗುಳಿತ್ತು. 1877ರಲ್ಲಿ ಅದು ಸಿಡಿದಾಗ ಶಿಖರದ ಹಿಮ ಕರಗಿ, ನೀರೂ ಬೂದಿಯೂ ಬಂಡೆಯೂ ಸೇರಿದ ಕೆಸರಿನ ಪ್ರವಾಹವಾಗಿ ಕಣಿವೆಗಿಳಿದು ಲಾಟಕುಂಗಾ ಪಟ್ಟಣವನ್ನು ಹಾಳುಗೆಡವಿತು. ಮಾರ್ಗದರ್ಶಿ ಇದನ್ನು ಪುಸ್ತಕದ ಪಾಠದಂತೆ ಒಪ್ಪಿಸದೆ, ಪ್ರವಾಹ ಇಳಿದ ಕಣಿವೆಯ ದಿಕ್ಕನ್ನು ತೋರಿಸಿ, ಮರುದಿನ ಲಾಟಕುಂಗಾದಲ್ಲಿ ನಿಂತು ಅದೇ ಕಣಿವೆಯ ಕೆಳತುದಿಯನ್ನು ಮತ್ತೆ ತೋರಿಸಿದರು.

ಗುರುವಾರ ಸಾಕಿಸಿಲಿಯ ಸಂತೆ. ಅದಕ್ಕೆ ಕೊಟ್ಟ ನಲವತ್ತು ನಿಮಿಷ ಏನೇನೂ ಸಾಲದು. ಅಲ್ಲಿಂದ ಟಿಗುವಾ ಎಂಬ ಊರಿಗೆ ಹೋದೆವು. ಹಬ್ಬದ ಡೋಲುಗಳ ಚರ್ಮಕ್ಕೆ ಬಣ್ಣ ಬಳಿಯುತ್ತಿದ್ದ ಅಲ್ಲಿನವರು, 1970ರ ದಶಕದಲ್ಲಿ ಹೂಲಿಯೊ ತೋಆಕಿಸಾ ಎಂಬವರು ಕುರಿಯ ಚರ್ಮವನ್ನು ಚೌಕಟ್ಟಿಗೆ ಬಿಗಿದು ಚಿತ್ರ ಬರೆಯತೊಡಗಿದ ಮೇಲೆ, ಅದನ್ನೇ ಒಂದು ಕಸುಬಾಗಿ ಬೆಳೆಸಿದ್ದಾರೆ. ಕೊಯ್ಲು, ಮದುವೆ, ಹೊಗೆಯಾಡುವ ಕೊಟೊಪಾಕ್ಸಿ ಎಲ್ಲವೂ ಅಂಗೈಯಗಲದ ಚಿತ್ರದಲ್ಲಿ ಹಿಡಿಸುತ್ತವೆ. ನಾವು ಒಂದನ್ನು ಕೊಂಡೆವು. ಚಿತ್ರ ಬರೆದ ಹಿರಿಯರನ್ನು ಮಾರ್ಗದರ್ಶಿ ‘ತೈತಾ’ ಎಂದು ಕರೆದು, ಸ್ಪ್ಯಾನಿಷ್ ಬಿಟ್ಟು ಅಲ್ಲಿನ ಮೂಲನಿವಾಸಿಗಳ ಕಿಚುವಾ ಭಾಷೆಯಲ್ಲಿ ಮಾತಿಗಿಳಿದದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ತೈತಾ ಎಂದರೆ ತಂದೆ. ಅಷ್ಟು ಹೊತ್ತು ಒಂದೊಂದೇ ಮಾತಿನ ಉತ್ತರ ಕೊಡುತ್ತಿದ್ದ ಆ ಹಿರಿಯರು ಆಮೇಲೆ ಅರ್ಧ ಗಂಟೆ ಮಾತು ನಿಲ್ಲಿಸಲಿಲ್ಲ.

ಈ ಪ್ರವಾಸದ ನಿಜವಾದ ಬೆಲೆ ನನಗೆ ಕಂಡದ್ದು ಇಲ್ಲಿಯೇ. ಮನೆಯಲ್ಲಿ ಒಂದು ಭಾಷೆ, ಕಚೇರಿಯ ಕಾಗದದಲ್ಲಿ ಇನ್ನೊಂದು ಭಾಷೆ ಎಂಬ ಬದುಕು ಕಾಸರಗೋಡಿನ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಭಾಷೆಯಲ್ಲಿ ಯಾರಾದರೂ ಒಂದು ಮಾತು ಆಡಿದರೆ ಮುಖದ ಬಿಗುವು ಹೇಗೆ ಸಡಿಲುತ್ತದೆ ಎಂಬುದೂ ನಮಗೆ ತಿಳಿದದ್ದೇ. ಈಕ್ವಡಾರಿನ 2008ರ ಸಂವಿಧಾನ ಸ್ಪ್ಯಾನಿಷನ್ನು ಅಧಿಕೃತ ಭಾಷೆಯೆಂದು ಹೇಳಿ, ಬೇರೆ ಬೇರೆ ಸಂಸ್ಕೃತಿಗಳ ನಡುವಿನ ವ್ಯವಹಾರಕ್ಕೆ ಕಿಚುವಾ ಮತ್ತು ಶುವಾರ್ ಭಾಷೆಗಳಿಗೂ ಅಧಿಕೃತ ಸ್ಥಾನ ಕೊಟ್ಟಿದೆ. ಆದರೆ ಗುಡ್ಡದ ಹಳ್ಳಿಗಳಲ್ಲಿ ಆ ಭಾಷೆ ಬಲ್ಲ ಮಾರ್ಗದರ್ಶಿ ಸಿಗದೆ ಹೋದರೆ ಪ್ರವಾಸಿ ಕಾಣುವುದು ಬಣ್ಣದ ಬಟ್ಟೆಗಳನ್ನು ಮಾತ್ರ. ಇಂಥ ಪ್ರವಾಸ ಗೊತ್ತುಮಾಡುವವರು ಹೋಟೆಲಿನ ದರ್ಜೆಗಿಂತ ಮೊದಲು ಈ ಪ್ರಶ್ನೆಯನ್ನು ಕೇಳಬೇಕು.

ಅಂದು ಸಂಜೆ ಕಿಲೊಟೊವಾ ತಲುಪಿದೆವು. ಸುಮಾರು ಎಂಟು ಶತಮಾನಗಳ ಹಿಂದೆ ಸ್ಫೋಟಿಸಿ ಕುಸಿದ ಜ್ವಾಲಾಮುಖಿಯ ಕುಳಿಯಲ್ಲಿ, ಸುಮಾರು ಮೂರು ಕಿಲೋಮೀಟರ್ ಅಗಲದ ಬಾಯಿಯೊಳಗೆ, ಕರಗಿದ ಖನಿಜಗಳಿಂದ ಹಸಿರಾದ ಸರೋವರವಿದೆ. ಮೋಡ ಸರಿದಂತೆ ನೀರಿನ ಬಣ್ಣ ಹಸಿರಿನಿಂದ ನೀಲಿಗೆ, ನೀಲಿಯಿಂದ ಬೂದುಬಣ್ಣಕ್ಕೆ ತಿರುಗುವುದನ್ನು ನೋಡುತ್ತ ಚಳಿಯಲ್ಲಿ ನಿಂತೇ ಇದ್ದೆವು. ಮರುದಿನ ಕುಳಿಯ ಅಂಚಿನಿಂದ ಗುವಾಯಾಮಾ ಎಂಬ ಊರನ್ನು ದಾಟಿ, ಆಳವಾದ ಕಣಿವೆಗಿಳಿದು ಮತ್ತೆ ಏರಿ, ಚುಗ್‌ಚಿಲಾನ್ ಹಳ್ಳಿಗೆ ನಡೆದೆವು. ದಾರಿ ಹನ್ನೊಂದು ಹನ್ನೆರಡು ಕಿಲೋಮೀಟರಿನದಾದರೂ ಕೊನೆಯ ಏರು ಮೊಣಕಾಲಿನ ತೊಂದರೆ ಇರುವವರಿಗೆ ತಕ್ಕದ್ದಲ್ಲ. ಅಂಥವರಿಗೆ ವಾಹನದ ವ್ಯವಸ್ಥೆ ಇತ್ತು.

ದಾರಿಯಲ್ಲಿ ಒಂದೆಡೆ ಮಳೆಗೆ ಕೊರೆದುಹೋದ ಕಾಲುದಾರಿಯನ್ನು ಊರಿನವರೆಲ್ಲ ಸೇರಿ ಸರಿಪಡಿಸುತ್ತಿದ್ದರು. ಅದಕ್ಕೆ ‘ಮಿಂಗಾ’ ಎನ್ನುತ್ತಾರೆ. ಮನೆಗೊಬ್ಬರಂತೆ ಬರಬೇಕು, ಕೂಲಿಯಿಲ್ಲ. ಮಳೆ ನಿಂತ ಮೇಲೆ ನಮ್ಮ ಏತಡ್ಕದ ಕಡೆ ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟುವ ರೀತಿಯನ್ನು ನಾನು ವಿವರಿಸಿದಾಗ, ಮಾರ್ಗದರ್ಶಿ ಅದನ್ನು ಕಿಚುವಾದಲ್ಲಿ ಅವರಿಗೆ ತಿಳಿಸಿದರು. ಎಷ್ಟು ಮನೆಗಳು ಸೇರುತ್ತೀರಿ, ಬಾರದವರನ್ನು ಏನು ಮಾಡುತ್ತೀರಿ ಎಂದು ಅವರು ಕೇಳಿದ ಪ್ರಶ್ನೆಗಳು ನಮ್ಮೂರಿನ ಹಿರಿಯರು ಕೇಳುವಂಥವೇ ಆಗಿದ್ದವು. ಈ ಹಳ್ಳಿಯಲ್ಲಿ ನಮಗೆ ಸಿಕ್ಕಿದ್ದು ಒಂದೇ ರಾತ್ರಿ. ಶನಿವಾರ ಬೆಳಗ್ಗೆ ಸುಂಬಾವಾದ ವಾರದ ಸಂತೆಯನ್ನು ನೋಡಿಕೊಂಡು ಕೆಳಗಿಳಿದೆವು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಬಟಾಟೆ ಆಂಡಿಸ್ ಪರ್ವತದ್ದೇ ಬೆಳೆ. ಬಟಾಟೆಗೆ ಚೀಸ್ ಸೇರಿಸಿ ಕುದಿಸಿ, ಮೇಲೆ ಬೆಣ್ಣೆಹಣ್ಣು ಇಟ್ಟು ಕೊಡುವ ‘ಲೋಕ್ರೊ’ ಎಂಬ ದಪ್ಪ ಸಾರನ್ನು ಆ ಚಳಿಯಲ್ಲಿ ಎಷ್ಟು ಉಂಡರೂ ಸಾಕೆನಿಸುವುದಿಲ್ಲ. ಆದರೆ ಮುಂದೆ ತಂಗಿದ ಬಾನ್ಯೋಸ್ ಪಟ್ಟಣದ ಹೋಟೆಲಿನಲ್ಲಿ ಸಸ್ಯಾಹಾರವೆಂದು ಕೊಟ್ಟ ಸೂಪನ್ನು ಕೋಳಿಯ ರಸದಲ್ಲಿ ಬೇಯಿಸಿದ್ದರು. ನಾವು ಎರಡು ಚಮಚ ಕುಡಿದ ಮೇಲೆ ಅದು ತಿಳಿಯಿತು. ನಾವು ಮುಂಗಡವಾಗಿ ಬರೆದು ತಿಳಿಸಿದ್ದರೂ ಸಂಸ್ಥೆ ಅಲ್ಲಿಗೆ ಹೇಳಿರಲಿಲ್ಲ. ಇದು ನಮಗೆ ತುಂಬ ನೋವು ತಂದಿತು.

ಬಾನ್ಯೋಸ್‌ನಲ್ಲಿ ಕಳೆದ ಎರಡು ರಾತ್ರಿಗಳೇ ಈ ಪ್ರವಾಸದ ದುರ್ಬಲ ಭಾಗ. ತುಂಗುರಾವಾ ಜ್ವಾಲಾಮುಖಿಯ ಬುಡದಲ್ಲಿರುವ ಆ ಪಟ್ಟಣದ ಬಿಸಿನೀರಿನ ಕೊಳಗಳು ಒಂದು ಸಂಜೆಗೆ ಚೆಂದ, ಉಳಿದದ್ದು ಅಂಗಡಿಬೀದಿ. ಇದರ ಪರಿಣಾಮ ಕೊನೆಯ ಪರ್ವತವಾದ ಚಿಂಬೊರಾಜೊದ ಭೇಟಿಯ ಮೇಲಾಯಿತು. ಸೋಮವಾರ ಬಾನ್ಯೋಸ್‌ನಿಂದ ತಡವಾಗಿ ಹೊರಟು, 4,850 ಮೀಟರ್ ಎತ್ತರದ ಮೊದಲ ತಂಗುಮನೆ ತಲುಪುವಾಗ ಮಧ್ಯಾಹ್ನವಾಗಿ ಮೋಡ ಕವಿದಿತ್ತು. ಚಿಂಬೊರಾಜೊ 6,263 ಮೀಟರಿನ ಶಿಖರ; ಭೂಮಿ ಸಮಭಾಜಕ ವೃತ್ತದ ಬಳಿ ಉಬ್ಬಿರುವುದರಿಂದ ಭೂಕೇಂದ್ರದಿಂದ ಅಳೆದರೆ ಎವರೆಸ್ಟಿನ ತುದಿಗಿಂತಲೂ ಇದರ ತುದಿಯೇ ದೂರ. 1802ರಲ್ಲಿ ಜರ್ಮನ್ ವಿಜ್ಞಾನಿ ಹುಂಬೋಲ್ಟ್ ತುದಿ ಮುಟ್ಟಲಾಗದೆ ಹಿಂತಿರುಗಿದ ಈ ಪರ್ವತವನ್ನು 1880ರಲ್ಲಿ ಇಂಗ್ಲಿಷ್ ಪರ್ವತಾರೋಹಿ ವಿಂಪರ್ ಮೊದಲು ಏರಿದರು. ಇಷ್ಟೆಲ್ಲ ಕೇಳಿ ಹೋದ ನಮಗೆ ಹಿಮದ ತುದಿ ಕಂಡದ್ದು ಹತ್ತು ನಿಮಿಷ. ಕೆಳಗಿನ ಬಯಲಿನಲ್ಲಿ ಮೇಯುತ್ತಿದ್ದ, ಒಂಟೆಯ ಕುಲಕ್ಕೆ ಸೇರಿದ ವಿಕುನ್ಯಾ ಎಂಬ ಕಾಡುಪ್ರಾಣಿಗಳ ಹಿಂಡು ಮಾತ್ರ ಮನಸ್ಸು ತುಂಬುವಷ್ಟು ಸಿಕ್ಕಿತು. ಅಲ್ಲಿನವರು ಚಿಂಬೊರಾಜೊವನ್ನು ತೈತಾ ಎಂದೂ ತುಂಗುರಾವಾವನ್ನು ಮಾಮಾ, ಅಂದರೆ ತಾಯಿ, ಎಂದೂ ಕರೆಯುತ್ತಾರೆ.

ಹೋಗುವವರಿಗೆ ಇನ್ನೆರಡು ಮಾತು. ಅಲ್ಲಿ 2000ದಿಂದ ಅಮೆರಿಕದ ಡಾಲರೇ ಚಲಾವಣೆಯಲ್ಲಿದೆ. ಹಳ್ಳಿಗಳಲ್ಲಿ ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದಿಲ್ಲ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನಗಳ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ಮರಳಿ ಭಾರತಕ್ಕೆ ಇಳಿಯುವಾಗ ಅದನ್ನು ಕೇಳುತ್ತಾರೆ.

ಬಾನ್ಯೋಸ್‌ನ ಒಂದು ರಾತ್ರಿಯನ್ನು ಚುಗ್‌ಚಿಲಾನ್‌ಗೂ ಇನ್ನೊಂದನ್ನು ಚಿಂಬೊರಾಜೊಗೆ ಹತ್ತಿರದ ರಿಯೊಬಾಂಬಾಕ್ಕೂ ಕೊಟ್ಟು, ಕೊನೆಯ ಪರ್ವತಕ್ಕೆ ಬೆಳಗ್ಗೆ ಆರಕ್ಕೆ ಹೊರಡಬೇಕೆಂದು ನಾನು ಸಂಸ್ಥೆಗೆ ಬರೆದಿದ್ದೇನೆ. ಹಾಗೆ ಬದಲಾಯಿಸಿದರೆ ನಾವಿಬ್ಬರೂ ಮತ್ತೊಮ್ಮೆ, ಅದೇ ಮಾರ್ಗದರ್ಶಿಯೊಂದಿಗೆ, ಹೋಗಲು ಸಿದ್ಧರಿದ್ದೇವೆ.