ಒಂದೇ ಫೋನು, ಮೂರು ಓಎಸ್: ಲೀನೇಜ್, ಇ ಓಎಸ್, ಉಬುಂಟು ಟಚ್

ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೇ ಫೋನಿಗೆ ನಾವೇ ಹಾಕ್ಕೋಬಹುದಾದ ಓಎಸ್‌ಗಳು (ಫೋನ್ ನಡೆಸೋ ಮೂಲ ಸಾಫ್ಟ್‌ವೇರ್) ಇವು: ಲೀನೇಜ್, ಇ ಓಎಸ್ ಎರಡೂ ಆಂಡ್ರಾಯ್ಡ್‌ನವು, ಉಬುಂಟು ಟಚ್ ಲಿನಕ್ಸ್‌ದು. ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಲೀನೇಜ್ ಓಎಸ್‌ಗೆ. ಮೂರನ್ನೂ ಒಂದೇ ಫೋನಿಗೆ ಹಾಕಿ, ಸಿಮ್ ಹಾಕಿ, ಜೇಬಲ್ಲಿಟ್ಕೊಂಡು ಓಡಾಡಿ ನೋಡಿದೀನಿ, ಸುಮ್ನೆ ಯೂಟ್ಯೂಬ್ ನೋಡ್ಕೊಂಡು ಹೇಳ್ತಿರೋದಲ್ಲ.

ಫೋನು ಪಿಕ್ಸೆಲ್ 3ಎ, ಸೆಕೆಂಡ್ ಹ್ಯಾಂಡ್, ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಗೊಂಡಿದ್ದು. 2019ರ ಮಾಡೆಲ್ಲು, ಗೂಗಲ್ ಕಡೆಯಿಂದ ಆಂಡ್ರಾಯ್ಡ್ 12ಕ್ಕೆ ಕೊನೆ, 2022ರ ನಂತ್ರ ಸೆಕ್ಯುರಿಟಿ ಪ್ಯಾಚೂ ನಿಂತೋಯ್ತು. ಆದ್ರೆ ಕ್ಯಾಮೆರಾ ಇವತ್ತಿಗೂ ಚೆನ್ನಾಗಿದೆ, ಹೆಡ್‌ಫೋನ್ ಹಾಕೋಕೆ ತೂತಿದೆ, ಬ್ಯಾಟರಿ ಒಂದು ಹೊಸದು ಹಾಕಿಸಿದ್ರೆ ಇನ್ನೆರಡು ವರ್ಷ ಧಾರಾಳವಾಗಿ ಓಡುತ್ತೆ. ಹೊಸ ಫೋನಿಗೆ ಇಪ್ಪತ್ತು ಸಾವಿರ ಸುರಿಯೋ ಮನಸ್ಸಿರ್ಲಿಲ್ಲ, ಅಷ್ಟೇ ಕಥೆ. ಒಂದು ಮಾತು, ಈ ಫೋನ್ ತಗೊಳ್ಳೋರು ದುಡ್ಡು ಕೊಡೋಕೆ ಮುಂಚೆ ಅಂಗಡೀಲೇ ನಿಂತ್ಕೊಂಡು ಸೆಟ್ಟಿಂಗ್ಸ್‌ನ ಅಬೌಟ್ ಫೋನಲ್ಲಿರೋ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ, ಡೆವಲಪರ್ ಆಪ್ಷನ್ಸ್ ಒಳಗೆ ಓಇಎಂ ಅನ್‌ಲಾಕಿಂಗ್ ಅನ್ನೋ ಸ್ವಿಚ್ (ಬೇರೆ ಓಎಸ್ ಹಾಕೋಕೆ ಇದು ಆನ್ ಇರ್ಲೇಬೇಕು) ಆನ್ ಆಗುತ್ತಾ ನೋಡಿ. ವೈಫೈ ಕನೆಕ್ಟ್ ಮಾಡಿದ್ಮೇಲೂ ಅದು ಮಂಕಾಗೇ ಇದ್ರೆ ಆ ಪೀಸು ವಾಪಸ್ ಕೊಟ್ಬಿಡಿ. ಅಮೆರಿಕದಿಂದ ಬಂದ ಕೆಲವು ಕ್ಯಾರಿಯರ್ ಪೀಸುಗಳು (ಅಲ್ಲಿನ ಮೊಬೈಲ್ ನೆಟ್‌ವರ್ಕ್ ಕಂಪನಿ ಮಾರಿದ್ದು) ಅನ್‌ಲಾಕೇ ಆಗಲ್ಲ, ಅಂಗಡಿಯವ್ರು "ಆಗುತ್ತೆ ಸಾರ್, ಎಲ್ಲಾ ಆಗುತ್ತೆ" ಅಂತಾನೇ ಹೇಳ್ತಾರೆ.

ಈಗ ನಿಜವಾದ ತಲೆನೋವಿಗೆ ಬರೋಣ. ಯಾವ ಓಎಸ್ ಹಾಕೋದಾದ್ರೂ ಮೊದ್ಲು ಫೋನನ್ನ ಫಾಸ್ಟ್‌ಬೂಟ್ ಮೋಡ್‌ಗೆ (ಓಎಸ್ ಶುರುವಾಗೋಕೆ ಮುಂಚೆ ಕಂಪ್ಯೂಟರಿಂದ ಕಮಾಂಡ್ ಕೊಡೋ ಜಾಗ) ತಗೊಂಡು ಬೂಟ್‌ಲೋಡರ್, ಅಂದ್ರೆ ಫೋನ್ ಆನ್ ಆದಾಗ ಓಎಸ್ ಎಬ್ಬಿಸೋ ಪ್ರೋಗ್ರಾಮನ್ನ ಅನ್‌ಲಾಕ್ ಮಾಡ್ಬೇಕು (ಫೋನಲ್ಲಿರೋದೆಲ್ಲಾ ಅಳಿಸಿಹೋಗುತ್ತೆ, ಫೋಟೋ ಬ್ಯಾಕಪ್ ಮಾಡ್ಕೊಳ್ಳಿ). ಫೋನ್ ಆನ್ ಇದ್ದಾಗ ಕಂಪ್ಯೂಟರಲ್ಲಿ ಎಡಿಬಿ (ಫೋನ್ ಜೊತೆ ಮಾತಾಡೋ ಕಮಾಂಡ್ ಟೂಲು) ತೆಗೆದು ಎಡಿಬಿ ಡಿವೈಸಸ್ ಅಂತ ಕೊಟ್ರೆ ಚೆನ್ನಾಗಿ ಸೀರಿಯಲ್ ನಂಬರ್ ತೋರಿಸುತ್ತೆ, ಸರಿ ಎಲ್ಲಾ ರೆಡಿ ಅನ್ಕೋತೀವಿ. ಫಾಸ್ಟ್‌ಬೂಟ್‌ಗೆ ಹೋಗಿ ಅನ್‌ಲಾಕ್ ಕಮಾಂಡ್ ಕೊಟ್ರೆ "ವೇಟಿಂಗ್ ಫಾರ್ ಎನಿ ಡಿವೈಸ್" ಅಂತ ಒಂದೇ ಒಂದು ಲೈನು. ಎರರ್ ಇಲ್ಲ, ಏನಿಲ್ಲ. ಆ ಕಡೆ ಫೋನು ಹಸಿರು ಆಂಡ್ರಾಯ್ಡ್ ಬೊಂಬೆ ತೋರಿಸ್ಕೊಂಡು ಆರಾಮಾಗಿ ಕೂತಿರುತ್ತೆ, ಈ ಕಡೆ ಕಪ್ಪು ಸ್ಕ್ರೀನಲ್ಲಿ ಕರ್ಸರ್ ಮಿಣಮಿಣ ಅಂತಿರುತ್ತೆ. ಬೀಗರ ಮನೆಯವ್ರು ಫೋನ್ ಮಾಡ್ತಾರೆ ಅಂತ ಕಾಯ್ತಾ ಕೂತ ಹಾಗೆ.

ವಿಷ್ಯ ಏನಪ್ಪಾ ಅಂದ್ರೆ, ವಿಂಡೋಸ್ ಕಣ್ಣಿಗೆ ಆನ್ ಆಗಿರೋ ಫೋನು ಬೇರೆ ಡಿವೈಸು, ಫಾಸ್ಟ್‌ಬೂಟಲ್ಲಿರೋ ಅದೇ ಫೋನು ಬೇರೆ ಡಿವೈಸು. ಒಂದಕ್ಕೆ ಡ್ರೈವರ್ ಕೂತಿದೆ ಅಂದ್ರೆ ಇನ್ನೊಂದಕ್ಕೂ ಕೂತಿದೆ ಅಂತಲ್ಲ. ಫೋನು ಫಾಸ್ಟ್‌ಬೂಟಲ್ಲಿ ಇರೋವಾಗ್ಲೇ ಡಿವೈಸ್ ಮ್ಯಾನೇಜರ್ ತೆಗೀರಿ, ಅದರ್ ಡಿವೈಸಸ್ ಕೆಳಗೆ ಬರೀ "ಆಂಡ್ರಾಯ್ಡ್" ಅಂತ ಹಳದಿ ತ್ರಿಕೋನ ಇಟ್ಕೊಂಡು ಒಂದು ಕೂತಿರುತ್ತೆ. ಗೂಗಲ್ ಯುಎಸ್‌ಬಿ ಡ್ರೈವರ್ ಇಳಿಸಿ ಅನ್‌ಜಿಪ್ ಮಾಡಿ, ಅದ್ರ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್, ಆಟೋಮ್ಯಾಟಿಕ್ ಬೇಡ, ನಾನೇ ಲಿಸ್ಟಿಂದ ಆರಿಸ್ತೀನಿ ಅಂತ ಹೇಳಿ "ಆಂಡ್ರಾಯ್ಡ್ ಬೂಟ್‌ಲೋಡರ್ ಇಂಟರ್ಫೇಸ್" ಅನ್ನೋದನ್ನೇ ಆರಿಸಿ. ಆಟೋಮ್ಯಾಟಿಕ್‌ಗೆ ಬಿಟ್ರೆ "ಬೆಸ್ಟ್ ಡ್ರೈವರ್ ಈಗಾಗಲೇ ಇದೆ" ಅಂತ ಮುಖಕ್ಕೆ ಹೊಡ್ದಂಗೆ ಹೇಳುತ್ತೆ, ನಂಬ್ಬೇಡಿ.

ಇದಾದ್ಮೇಲೂ ನನ್ನ ಡೆಸ್ಕ್‌ಟಾಪಲ್ಲಿ ಫೋನ್ ಒಂದ್ಸಲ ಕಾಣುತ್ತೆ, ಫೈಲ್ ಕಳ್ಸೋಕೆ ಹೋದ್ರೆ ಮಧ್ಯದಲ್ಲೇ ನಿಂತ್ಕೊಳುತ್ತೆ. ಕೇಬಲ್ ಬದಲಾಯಿಸಿ ಅಂತ ಎಲ್ರೂ ಹೇಳ್ತಾರೆ, ಅದೂ ನಿಜಾನೇ, ಬರೀ ಚಾರ್ಜ್ ಆಗೋ ಕೇಬಲ್‌ಗಳು ಮನೆ ತುಂಬಾ ಇರುತ್ತೆ, ಆದ್ರೆ ನಂದು ಡೇಟಾ ಕೇಬಲ್ಲೇ. ಸಮಸ್ಯೆ ಇದ್ದಿದ್ದು ಪೋರ್ಟಲ್ಲಿ. ಕೆಲವು ಕಂಪ್ಯೂಟರ್‌ಗಳ ಯುಎಸ್‌ಬಿ 3 ಪೋರ್ಟಿಗೂ ಫೋನುಗಳ ಬೂಟ್‌ಲೋಡರಿಗೂ ಹೊಂದ್ಕೊಳಲ್ಲ. ಹಳೇ ಯುಎಸ್‌ಬಿ 2 ಹಬ್ ಒಂದನ್ನ ಮಧ್ಯೆ ಹಾಕಿದ್ದೇ ತಡ, ಸರಾಗ. ನೂರೈವತ್ತು ಇನ್ನೂರು ರೂಪಾಯಿ ಹಬ್ಬು, ಯಾರೂ ಮೊದಲನೇ ಸಾಲಲ್ಲಿ ಇದನ್ನ ಬರೆಯಲ್ಲ. ಲಿನಕ್ಸ್ ಇರೋರಿಗೆ ಡ್ರೈವರ್ ಗೋಳಿಲ್ಲ, "ನೋ ಪರ್ಮಿಷನ್ಸ್" ಅಂತ ಬಂದ್ರೆ ಯುಡೆವ್ ರೂಲ್ಸ್ (ಯುಎಸ್‌ಬಿ ಡಿವೈಸಿಗೆ ಅನುಮತಿ ಕೊಡೋ ಲಿನಕ್ಸ್ ಫೈಲು) ಹಾಕ್ಬೇಕು ಅಷ್ಟೇ.

ಲೀನೇಜ್ ಹಾಕೋವಾಗ ಹೆದರಿಸೋ ಜಾಗ ಇನ್ನೊಂದಿದೆ. ರಿಕವರಿಯಿಂದ (ಓಎಸ್ ಹಾಕೋಕೆ, ರಿಪೇರಿ ಮಾಡೋಕೆ ಅಂತಿರೋ ಪುಟ್ಟ ಮೆನು) ಸೈಡ್‌ಲೋಡ್ ಮಾಡ್ತಾ, ಅಂದ್ರೆ ಕಂಪ್ಯೂಟರಿಂದ ಓಎಸ್ ಫೈಲ್ ಕಳಿಸ್ತಾ ಇರ್ತೀವಿ, ಕಂಪ್ಯೂಟರಲ್ಲಿ 47% ಬಂತು, ಅಲ್ಲೇ ನಿಂತ್ಕೊಳುತ್ತೆ, "ಫೇಲ್ಡ್ ಟು ರೀಡ್ ಕಮಾಂಡ್: ಸಕ್ಸೆಸ್" ಅಂತ ಬರುತ್ತೆ. ಫೇಲೋ ಸಕ್ಸೆಸ್ಸೋ ಒಂದು ತೀರ್ಮಾನಕ್ಕೆ ಬಾರಪ್ಪಾ ಅನ್ಸುತ್ತೆ. ಇದು ಮಾಮೂಲು, ಲೀನೇಜ್ ವಿಕಿಯಲ್ಲೇ ಬರ್ದಿದಾರೆ, ಆಗಿದೆ ಅಂತಾನೇ ಅರ್ಥ. ಕೇಬಲ್ ಕೀಳ್ಬೇಡಿ, ಫೋನ್ ಸ್ಕ್ರೀನ್ ಏನು ಹೇಳುತ್ತೆ ನೋಡಿ. ಆಮೇಲೆ ಪ್ಲೇ ಸ್ಟೋರ್ ಬೇಕು ಅನ್ನೋರು ಫೋನ್ ಬೂಟ್ ಮಾಡೋಕೆ ಮುಂಚೆಯೇ ಜಿಆ್ಯಪ್ಸ್ (ಗೂಗಲ್ ಆ್ಯಪುಗಳ ಕಟ್ಟು) ಹಾಕ್ಬೇಕು, ಅದಕ್ಕೂ ಮುಂಚೆ ರಿಕವರಿಯನ್ನ ಒಂದ್ಸಲ ರೀಬೂಟ್ ಮಾಡ್ಬೇಕು. ಯಾಕಂದ್ರೆ ಈ ಫೋನಲ್ಲಿ ಎ, ಬಿ ಅಂತ ಎರಡು ಸ್ಲಾಟು, ಓಎಸ್ ಬರೆಯೋದು ಈಗ ಓಡ್ತಿಲ್ದೇ ಇರೋ ಸ್ಲಾಟಿಗೆ, ರೀಬೂಟ್ ಮಾಡ್ದೇ ಜಿಆ್ಯಪ್ಸ್ ಹಾಕಿದ್ರೆ ಅದು ಹಳೇ ಸ್ಲಾಟಿಗೆ ಹೋಗಿ ಕೂರುತ್ತೆ. ಸಿಗ್ನೇಚರ್ ವೆರಿಫಿಕೇಶನ್ ಫೇಲ್ ಅಂತ ಕೇಳಿದ್ರೆ ಯೆಸ್ ಕೊಡಿ, ಜಿಆ್ಯಪ್ಸ್‌ಗೆ ಲೀನೇಜಿನವ್ರ ಸಹಿ ಇರಲ್ಲ.

ಇ ಓಎಸ್. ಇದು ಲೀನೇಜ್ ಮೇಲೇ ಕಟ್ಟಿರೋದು, ಮ್ಯಾಂಡ್ರೇಕ್ ಲಿನಕ್ಸ್ ಶುರು ಮಾಡಿದ ಗೇಲ್ ದುವಾಲ್ ಅವ್ರದ್ದು (ತೊಂಬತ್ತರ ದಶಕದ ಕೊನೇಲಿ ಕಂಪ್ಯೂಟರ್ ಪತ್ರಿಕೆ ಜೊತೆ ಸೀಡಿ ಬರ್ತಿತ್ತಲ್ಲ, ಆ ಕಾಲದವ್ರಿಗೆ ಮ್ಯಾಂಡ್ರೇಕ್ ನೆನಪಿರುತ್ತೆ). ಹಾಕೋ ರೀತಿನೂ ಹೆಚ್ಚುಕಮ್ಮಿ ಅದೇ, ಜಿಆ್ಯಪ್ಸ್ ತಾಪತ್ರಯ ಇಲ್ಲ, ಗೂಗಲ್ ಸರ್ವಿಸಸ್ ಬದ್ಲು ಅದ್ರ ಕೆಲಸ ಮಾಡೋ ಮೈಕ್ರೋಜಿ ಅನ್ನೋ ಮುಕ್ತ ಸಾಫ್ಟ್‌ವೇರ್ ಒಳಗೇ ಬಂದಿರುತ್ತೆ, ವಾಟ್ಸ್ಆ್ಯಪ್ ಮೆಸೇಜ್ ಸರಿಯಾಗಿ ಬರುತ್ತೆ. ಗೂಗಲ್ ಅಕೌಂಟೇ ಬೇಡ ಅನ್ನೋರಿಗೆ ಲೀನೇಜಿಗಿಂತ ಇದೇ ಸಲೀಸು, ಒಪ್ಕೋತೀನಿ. ಆದ್ರೆ ಇದ್ರ ಲಾಂಚರಲ್ಲಿ (ಹೋಮ್ ಸ್ಕ್ರೀನ್ ತೋರಿಸೋ ಆ್ಯಪು) ಆ್ಯಪ್ ಡ್ರಾಯರ್ ಇಲ್ಲ, ಐಫೋನ್ ಥರ ಎಲ್ಲಾ ಐಕಾನೂ ಹೋಮ್ ಸ್ಕ್ರೀನಲ್ಲೇ ಹರಡ್ಕೊಂಡಿರುತ್ತೆ, ನಂಗಾಗಲ್ಲ. ಬೇರೆ ಲಾಂಚರ್ ಹಾಕ್ಕೋಬಹುದು ನಿಜ. ಲೀನೇಜಲ್ಲಿ ಹೊಸ ಆಂಡ್ರಾಯ್ಡ್ ಬಂದು ಎಷ್ಟೋ ದಿನ ಆದ್ಮೇಲೆ ಇಲ್ಲಿಗೆ ಬರೋದು ಅನ್ನೋದೂ ಒಂದು.

ಉಬುಂಟು ಟಚ್ ನಂಗೆ ಮನಸಾರೆ ಇಷ್ಟ, ದಿನದ ಬಳಕೆಗೆ ಮಾತ್ರ ಆಗಲ್ಲ. ಉಬುಂಟು ಕಂಪನಿ ಕೆನಾನಿಕಲ್ 2017ರಲ್ಲಿ ಕೈಬಿಟ್ಟಿದ್ದನ್ನ ಯುಬಿಪೋರ್ಟ್ಸ್ ಅನ್ನೋ ಸ್ವಯಂಸೇವಕರ ಗುಂಪು ಇಲ್ಲೀವರೆಗೆ ಎಳ್ಕೊಂಡು ಬಂದಿದೆ, ಅವ್ರ ಇನ್‌ಸ್ಟಾಲರ್ ಮೂರರಲ್ಲೇ ಸುಲಭ, ಮೌಸಲ್ಲಿ ಒತ್ಕೊಂಡು ಹೋದ್ರೆ ಮುಗೀತು. ತೊಡಕಿರೋದು ಅದಕ್ಕೂ ಮುಂಚೆ. ಇದು ಹಾರ್ಡ್‌ವೇರ್ ಜೊತೆ ಮಾತಾಡೋಕೆ ಆಂಡ್ರಾಯ್ಡ್ ಡ್ರೈವರುಗಳನ್ನೇ ಬಳಸುತ್ತೆ, ಪಿಕ್ಸೆಲ್ 3ಎ ಪೋರ್ಟಿಗೆ ಬೇಕಿರೋದು ಆಂಡ್ರಾಯ್ಡ್ 9ರ ಫರ್ಮ್‌ವೇರು (ಫೋನಿನ ಭಾಗಗಳನ್ನ ನಡೆಸೋ ಒಳಗಿನ ಸಾಫ್ಟ್‌ವೇರ್). ಅಂದ್ರೆ ಮೊದ್ಲು 12ರಿಂದ 9ಕ್ಕೆ ಇಳೀಬೇಕು. ಲೀನೇಜಿಗೆ ವಾಪಸ್ ಬರ್ಬೇಕಾದ್ರೆ ಮತ್ತೆ 12ರ ಫರ್ಮ್‌ವೇರಿಗೆ ಹತ್ತಬೇಕು. ಗೂಗಲ್‌ದೇ ಆಂಡ್ರಾಯ್ಡ್ ಫ್ಲ್ಯಾಶ್ ಟೂಲ್ ಕ್ರೋಮ್ ಬ್ರೌಸರಲ್ಲೇ ಓಡುತ್ತೆ, ಅದ್ರಲ್ಲಿ ಹತ್ತೋದು ಇಳಿಯೋದು ಎರಡೂ ಆಗುತ್ತೆ, ಆದ್ರೆ ಪ್ರತೀ ಸಲ ಗಿಗಾಬೈಟ್ ಲೆಕ್ಕದ ಡೌನ್‌ಲೋಡು.

ಕಾಲ್ ವಿಷ್ಯ ಗಮನಿಸಿ. ನಾನು ಹಾಕಿದಾಗ ಈ ಫೋನಿನ ಉಬುಂಟು ಟಚ್ಚಲ್ಲಿ ವೋಲ್ಟೆ (4ಜಿ ಮೇಲೇ ಕಾಲ್ ಮಾಡೋದು) ಇರ್ಲಿಲ್ಲ. ಜಿಯೋಗೆ 2ಜಿ, 3ಜಿ ನೆಟ್‌ವರ್ಕೇ ಇಲ್ಲ, ಹಾಗಾಗಿ ಇಂಟರ್ನೆಟ್ ಬರುತ್ತೆ, ಕಾಲ್ ಮಾತ್ರ ಹೋಗೋದೂ ಇಲ್ಲ ಬರೋದೂ ಇಲ್ಲ. 2ಜಿ ಇರೋ ಸಿಮ್ ಹಾಕಿದ್ರೆ ಮಾತಾಡ್ಬಹುದು. ಅಮ್ಮ ದಿನಾ ರಾತ್ರಿ ಊಟ ಆಯ್ತಾ ಅಂತ ಕಾಲ್ ಮಾಡ್ತಾರೆ, "ಸ್ವಿಚ್ ಆಫ್ ಬರ್ತಿದೆ ಕಣೋ, ಏನಾಯ್ತೋ" ಅಂತ ಅಣ್ಣನ ಫೋನಿಂದ ವಾಟ್ಸ್ಆ್ಯಪ್ ಬಂದ್ಮೇಲೆ ಅಲ್ಲಿಗೆ ಉಬುಂಟು ಅಧ್ಯಾಯ ಮುಗೀತು. ಆ ವಾಟ್ಸ್ಆ್ಯಪ್ಪೂ ಬಂದಿದ್ದು ಲ್ಯಾಪ್‌ಟಾಪಿಗೆ, ಇದ್ರಲ್ಲಿ ಅದಕ್ಕೆ ಸ್ವಂತ ಆ್ಯಪಿಲ್ಲ, ವೇಡ್ರಾಯ್ಡ್ ಅನ್ನೋ ಸಾಫ್ಟ್‌ವೇರ್ ಒಳಗೆ ಆಂಡ್ರಾಯ್ಡ್ ಓಡಿಸ್ಬೇಕು. ಮಾನಿಟರಿಗೆ ಕೇಬಲ್ ಹಾಕಿ ಕಂಪ್ಯೂಟರ್ ಥರ ಬಳಸೋಣ ಅಂದ್ರೆ ಪಿಕ್ಸೆಲ್ 3ಎ ಟೈಪ್ ಸಿ ಪೋರ್ಟಿಂದ ವಿಡಿಯೋ ಹೊರಗೆ ಬರಲ್ಲ.

ಪಿಕ್ಸೆಲ್‌ಗಳಿಗೆ ಅಂತಿರೋ, ಸುರಕ್ಷತೆಗೆ ಹೆಸರಾದ ಗ್ರ್ಯಾಫೀನ್ ಓಎಸ್ ಯಾಕಿಲ್ಲ ಅಂದ್ರೆ, ಅವ್ರು ಈ ಮಾಡೆಲನ್ನ ಕೈಬಿಟ್ಟಾಗಿದೆ.

ಕನ್ನಡ ಟೈಪಿಂಗ್: ಲೀನೇಜ್ ಕೀಬೋರ್ಡಲ್ಲೇ ಕನ್ನಡ ಇದೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರ್ಬೇಕು ಅಂದ್ರೆ ಎಫ್-ಡ್ರಾಯ್ಡಲ್ಲಿ (ಮುಕ್ತ ಆ್ಯಪುಗಳ ಸ್ಟೋರು) ಇಂಡಿಕ್ ಕೀಬೋರ್ಡ್ ಸಿಗುತ್ತೆ.

ಬ್ಯಾಂಕ್ ಆ್ಯಪ್ ಬಗ್ಗೆ ಕೇಳೇ ಕೇಳ್ತೀರಿ. ಬೂಟ್‌ಲೋಡರ್ ಅನ್‌ಲಾಕ್ ಆದ ಫೋನು ಗೂಗಲ್‌ನ ಪ್ಲೇ ಇಂಟಿಗ್ರಿಟಿ ಪರೀಕ್ಷೆ (ಫೋನಿನ ಓಎಸ್ ತಿದ್ದಿದಾರಾ ಅಂತ ನೋಡೋದು) ಸರಿಯಾಗಿ ಪಾಸ್ ಆಗಲ್ಲ, ಅದನ್ನ ನೋಡೋ ಆ್ಯಪುಗಳು ಬಾಗಿಲು ಹಾಕ್ತವೆ. ಲೀನೇಜಲ್ಲಿ ನಂಗೆ ಒಂದು ಯುಪಿಐ ಆ್ಯಪ್ ಓಡ್ತಿದೆ, ನನ್ನ ಬ್ಯಾಂಕಿಂದು ಮಾತ್ರ "ಈ ಫೋನ್ ಸುರಕ್ಷಿತವಲ್ಲ" ಅಂತ ಹೇಳಿ ಮುಚ್ಕೊಳುತ್ತೆ. ಅದನ್ನ ಮೋಸಗೊಳಿಸೋ ಮಾಡ್ಯೂಲುಗಳಿವೆ, ಇವತ್ತು ನಡೆದಿದ್ದು ನಾಳೆ ನಡೆಯಲ್ಲ, ಆ ಸಹವಾಸ ನಂಗೆ ಬೇಡ. ತರಕಾರಿ, ಟೀ, ಆಟೋಗೆ ಯುಪಿಐ ಸಾಕು, ಮಿಕ್ಕಿದ್ದು ಲ್ಯಾಪ್‌ಟಾಪಲ್ಲಿ ಮಾಡ್ಕೋತೀನಿ. ನಿಮ್ದು ಪೂರ್ತಿ ವ್ಯವಹಾರ ಫೋನಲ್ಲೇ ಆದ್ರೆ, ಅದೂ ಇರೋದು ಒಂದೇ ಫೋನ್ ಆದ್ರೆ, ಈ ಮೂರೂ ಬೇಡ, ಇರೋ ಓಎಸ್ಸಲ್ಲೇ ಇರಿ. ಹಳೇ ಫೋನ್ ಡ್ರಾಯರಲ್ಲಿ ಬಿದ್ದಿದೆ, ಲಿನಕ್ಸ್ ಆಟ ಆಡ್ಬೇಕು ಅನ್ನೋರು ಉಬುಂಟು ಟಚ್ ಹಾಕಿ. ಗೂಗಲ್ ಕಂಡ್ರೆ ಆಗಲ್ವಾ, ಇ ಓಎಸ್. ನನ್ನ ಥರ ಕಾಲು, ವಾಟ್ಸ್ಆ್ಯಪು, ನ್ಯೂಪೈಪ್ ಆ್ಯಪಲ್ಲಿ ಯೂಟ್ಯೂಬು, ಒಂದಿಷ್ಟು ಫೋಟೋ ಅಂತ ಇರೋರಿಗೆ ಲೀನೇಜು, ಎರಡನೇ ಯೋಚ್ನೆ ಬೇಡ.

ಹಾಕಿದ್ಮೇಲೆ ಪ್ರತೀ ಸಲ ಆನ್ ಮಾಡಿದಾಗ ಬೂಟ್‌ಲೋಡರ್ ಅನ್‌ಲಾಕ್ ಆಗಿದೆ ಅಂತ ಒಂದು ಎಚ್ಚರಿಕೆ ಬರುತ್ತೆ, ಅದನ್ನ ಹೋಗ್ಸೋಕೆ ಅಂತ ವಾಪಸ್ ಲಾಕ್ ಮಾಡೋಕೆ ಹೋಗ್ಬೇಡಿ. ಲೀನೇಜ್ ಇರೋ ಹಾಗೇ ಲಾಕ್ ಮಾಡಿದ್ರೆ ಫೋನು ಬೂಟೇ ಆಗದೇ ಹೋಗ್ಬಹುದು.