ಅಂಕೋಲೆಯ ಕರಿ ಇಶಾಡವನ್ನು ಬುಟ್ಟಿಯಿಂದಲೇ ಕೊಳ್ಳಬೇಕು

ಮೇ ತಿಂಗಳಲ್ಲಿ ಅಂಕೋಲೆಯ ಪೇಟೆಯಲ್ಲೂ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲೂ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸರು ಮಾರುವ ಕರಿ ಇಶಾಡ ಮಾವಿನ ಹಣ್ಣನ್ನು ಕುರಿತು, ಮತ್ತು ಅದನ್ನು ಮನೆಗೆ ತಂದ ಮೇಲೆ ತಿನ್ನುವ, ಅಣಿಗೊಳಿಸುವ ಕೆಲಸವನ್ನು ಕುರಿತು ಈ ವಿಮರ್ಶೆ. ನಾನು ಕಾರವಾರದಲ್ಲಿ ವಾಸವಾಗಿರುವುದರಿಂದ ಬುಟ್ಟಿಯ ಹಣ್ಣನ್ನೂ ಕೊಂಡಿದ್ದೇನೆ, ಅದೇ ಹಣ್ಣನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೆ ಕಳುಹಿಸುವವರಿಂದಲೂ ತರಿಸಿದ್ದೇನೆ. ಹದವಾಗಿ ಹಣ್ಣಾದ ಕರಿ ಇಶಾಡಕ್ಕೆ ಸರಿಗಟ್ಟುವ ಮಾವು ಈ ಕರಾವಳಿಯಲ್ಲಿ ನನಗೆ ಸಿಕ್ಕಿಲ್ಲ, ಆಪೂಸನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ. ಆದರೆ ಆ ಹದ ಉಳಿಯುವುದು ಒಂದೆರಡು ದಿನ ಮಾತ್ರ. ಆ ಒಂದೆರಡು ದಿನವನ್ನು ಗುರುತಿಸಿ ನಮ್ಮ ಕೈಗೆ ಕೊಡಬಲ್ಲವರು ಬುಟ್ಟಿಯವರೇ ಹೊರತು ಪೆಟ್ಟಿಗೆಯವರಲ್ಲ.

ಇಶಾಡದಲ್ಲಿ ಕರಿ ಮತ್ತು ಬಿಳಿ ಎಂದು ಎರಡು ಬಗೆಗಳಿವೆ. ಕರಿ ಇಶಾಡದ ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿಯೂ ಹೆಚ್ಚು. ಬಿಳಿ ಇಶಾಡದ ಸಿಪ್ಪೆ ದಪ್ಪ, ತಿರುಳು ಕಡಿಮೆ, ಸಿಹಿಯೂ ಒಂದು ಕೈ ಕಡಿಮೆಯೇ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತದ್ದು ಅಂಕೋಲೆಯ ಕರಿ ಇಶಾಡಕ್ಕೆ. ಇದು ನಮ್ಮ ಜಿಲ್ಲೆಯವರೆಲ್ಲ ಸಂತೋಷಪಡಬೇಕಾದ ವಿಷಯ. ಆದರೂ ಕೊಳ್ಳುವವರು ಒಂದನ್ನು ತಿಳಿದಿರಬೇಕು: ಹಣ್ಣು ಯಾವ ಸೀಮೆಯದು ಎಂಬುದಕ್ಕೆ ಆ ಮಾನ್ಯತೆ ಆಧಾರವಾಗುತ್ತದೆಯೇ ವಿನಾ ಅದನ್ನು ಯಾವಾಗ ಕೊಯ್ದರು, ಬಲಿತದ್ದನ್ನೇ ಕೊಯ್ದರೇ, ಹೇಗೆ ಹಣ್ಣು ಮಾಡಿದರು ಎಂಬುದನ್ನು ಅದು ಹೇಳುವುದಿಲ್ಲ. ಇಶಾಡದ ಮಟ್ಟಿಗೆ ರುಚಿಯ ಮುಕ್ಕಾಲು ಪಾಲು ನಿಂತಿರುವುದು ಈ ಮೂರು ಪ್ರಶ್ನೆಗಳ ಮೇಲೆಯೇ.

ತೆಳುವಾದ ಸಿಪ್ಪೆ ಈ ಹಣ್ಣಿನ ಹೆಗ್ಗಳಿಕೆಯೂ ಹೌದು, ತೊಡಕೂ ಹೌದು. ಪೂರ್ತಿ ಹಣ್ಣಾದ ಕರಿ ಇಶಾಡವನ್ನು ಚಾಕುವಿನಿಂದ ಹೋಳು ಮಾಡಲು ಹೊರಟರೆ ಸಿಪ್ಪೆ ಅಲಗಿನ ಮುಂದೆ ಸುಕ್ಕುಗಟ್ಟಿ ಜಾರುತ್ತದೆ, ತಿರುಳು ಹೋಳಾಗುವ ಬದಲು ರಸವಾಗಿ ತಟ್ಟೆಗೆ ಇಳಿಯುತ್ತದೆ, ಗೊರಟೆಯ ಸುತ್ತ ಉಳಿದದ್ದನ್ನು ಕೊನೆಗೆ ಕೈಯಲ್ಲೇ ಹಿಡಿದು ಚೀಪಬೇಕಾಗುತ್ತದೆ. ಅತಿಥಿಗಳ ಮುಂದೆ ಚೌಕ ಹೋಳುಗಳನ್ನು ಜೋಡಿಸಿಟ್ಟು ಮುಳ್ಳುಚಮಚ ಕೊಡುವ ಉದ್ದೇಶವಿದ್ದವರು ಬೇರೆ ಮಾವನ್ನು ಕೊಳ್ಳುವುದು ಒಳ್ಳೆಯದು. ಇದು ಕೈಯಿಂದ ಹಿಂಡುವ, ಬಾಯಿಂದ ಚೀಪುವ, ಮೊಣಕೈವರೆಗೆ ರಸ ಇಳಿಸುವ ಹಣ್ಣು, ಮತ್ತು ಹಾಗೆ ತಿಂದಾಗ ಮಾತ್ರ ಅದರ ಪರಿಮಳ ಪೂರ್ತಿಯಾಗಿ ಮೂಗಿಗೆ ಹತ್ತುತ್ತದೆ.

ಬುಟ್ಟಿಯ ವ್ಯಾಪಾರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಮಾರುವವರು ಮೊದಲು ಕೇಳುವ ಪ್ರಶ್ನೆ. ದರದ ಮಾತು ಬರುವುದಕ್ಕಿಂತ ಮುಂಚೆಯೇ "ಇವತ್ತೇ ತಿನ್ನೂದಾ ಅಮ್ಮಾ, ನಾಳೀಗಾ?" ಎಂದು ಕೇಳುತ್ತಾರೆ. ಅಲ್ಲಿ ಮಾರುವವರಲ್ಲಿ ಹಾಲಕ್ಕಿ ಸಮುದಾಯದ ಹಿರಿಯ ಹೆಂಗಸರು ಅನೇಕರಿದ್ದಾರೆ. ಅವರು ಹಣ್ಣನ್ನು ಬೆರಳ ತುದಿಯಿಂದ ಒತ್ತಿ ನೋಡುವುದಿಲ್ಲ. ಅಂಗೈಯಲ್ಲಿಟ್ಟು ತೂಗಿದಂತೆ ಮಾಡಿ, ತೊಟ್ಟಿನ ಬಳಿ ಹೆಬ್ಬೆರಳನ್ನು ಹಗುರವಾಗಿ ಸವರಿ, ಮೂಗಿನ ಹತ್ತಿರ ಒಯ್ದು, ಇಂದಿನದನ್ನು ಒಂದು ಕಡೆಗೂ ನಾಳೆಯದನ್ನು ಇನ್ನೊಂದು ಕಡೆಗೂ ಎತ್ತಿಡುತ್ತಾರೆ. ಬಣ್ಣವನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನಾವೂ ತೆಗೆದುಕೊಳ್ಳಬಾರದು. ಹೊರಗೆ ಹಸಿರು ಉಳಿಸಿಕೊಂಡ ಹಣ್ಣು ಒಳಗೆ ಪೂರ್ತಿ ಮಾಗಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಬಲಿತ ಕಾಯಿಯನ್ನು ಕೊಯ್ದು ಭತ್ತದ ಹುಲ್ಲಿನಲ್ಲಿ ಅಡೆ ಹಾಕಿ ಹಣ್ಣು ಮಾಡುವ ಕ್ರಮವನ್ನು ಬಲ್ಲವರ ಕೈಯಿಂದಲೇ ಹಣ್ಣು ನೇರವಾಗಿ ನಮಗೆ ಬರುವುದರಿಂದ ನಡುವೆ ಕೆಡುವುದಕ್ಕೆ ಅವಕಾಶ ಕಡಿಮೆ.

ಕೊರತೆಗಳೂ ಇಲ್ಲದಿಲ್ಲ. ಬಿಸಿಲು ಏರಿದ ಮೇಲೆ ಹೋದರೆ ಮೇಲಿನ ಸಾಲಿನ ಹಣ್ಣುಗಳು ಬಿಸಿಯಾಗಿ ಬಾಡಿರುತ್ತವೆ, ಒಳ್ಳೆಯವು ಆಗಲೇ ಖರ್ಚಾಗಿರುತ್ತವೆ. ಲೆಕ್ಕ ಡಜನ್ನಿನದಾದ್ದರಿಂದ ಸಣ್ಣ ಹಣ್ಣು ಸೇರಿದರೆ ನಷ್ಟ ನಮಗೇ. ಆದ್ದರಿಂದ ಡಜನ್ನಿನ ದರ ಕೇಳುವ ಮುನ್ನ ಹಣ್ಣಿನ ಗಾತ್ರವನ್ನು ನೋಡಬೇಕು. ಹಂಗಾಮು ಶುರುವಾದಾಗ ದರ ಏರಿರುತ್ತದೆ, ಇಳುವರಿ ಒಟ್ಟಿಗೆ ಪೇಟೆಗೆ ಬಂದಾಗ ಇಳಿಯುತ್ತದೆ. ನಾನು ಚೌಕಾಸಿ ಮಾಡುವುದಿಲ್ಲ, ಮಾಡಬಾರದೆಂದೇ ನನ್ನ ಅಭಿಪ್ರಾಯ: ಮರ ಹತ್ತಿಸಿ, ಕೊಯ್ಯಿಸಿ, ಅಡೆ ಹಾಕಿ, ಕೊಳೆತದ್ದನ್ನು ಬೇರ್ಪಡಿಸಿ, ಬುಟ್ಟಿ ಹೊತ್ತು ಬಂದು ದಿನವಿಡೀ ಬಿಸಿಲಿನಲ್ಲಿ ಕುಳಿತವರ ಶ್ರಮಕ್ಕೆ ಆ ದರ ಹೆಚ್ಚಲ್ಲ. ಪ್ಲಾಸ್ಟಿಕ್ ಚೀಲವನ್ನು ಮಾತ್ರ ನಂಬಬೇಡಿ. ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಚೀಲದ ತಳದ ಹಣ್ಣು ಒಡೆದು ಉಳಿದವುಗಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಅಗಲವಾದ ತಳವಿರುವ ಪಾತ್ರೆಯನ್ನೋ ಬುಟ್ಟಿಯನ್ನೋ ಮನೆಯಿಂದಲೇ ಒಯ್ದು, ಎರಡು ಪದರಕ್ಕಿಂತ ಹೆಚ್ಚು ಪೇರಿಸದೆ ತರುವುದು ಉತ್ತಮ.

ಮನೆಗೆ ತಂದ ಕೂಡಲೇ ತಿನ್ನಲು ಕೂರಬಾರದು. ತೊಟ್ಟಿನ ಬಳಿ ಒಸರುವ ಸೊನೆ ಸಿಪ್ಪೆಯ ಮೇಲೆ ಹರಿದು ಒಣಗಿರುತ್ತದೆ, ಅದು ತುಟಿಗೆ ತಾಗಿದರೆ ಉರಿದು ಗುಳ್ಳೆ ಏಳುತ್ತದೆ. ಮಾವು ಮತ್ತು ಗೇರು ಒಂದೇ ಕುಟುಂಬದ ಮರಗಳು. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಕೈ ಸುಟ್ಟುಕೊಂಡವರಿಗೆ ಈ ಸೊನೆಯ ಗುಣವನ್ನು ಬೇರೆ ವಿವರಿಸಬೇಕಾಗಿಲ್ಲ. ಹಣ್ಣುಗಳನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ಮುಳುಗಿಸಿಟ್ಟು, ತೊಟ್ಟಿನ ಸುತ್ತ ಬೆರಳಿನಿಂದ ಉಜ್ಜಿ ತೊಳೆದು, ಆಮೇಲೆ ತೊಟ್ಟನ್ನು ಕಿತ್ತು ಮೊದಲ ನಾಲ್ಕಾರು ಹನಿಗಳನ್ನು ಹಿಂಡಿ ಚೆಲ್ಲಬೇಕು. ಕೆಲವರ ಮೈಗೆ ಸಿಪ್ಪೆಯೂ ಒಗ್ಗುವುದಿಲ್ಲ. ಅಂಥವರು ಸಿಪ್ಪೆಗೆ ಬಾಯಿ ಹಾಕದೆ, ಬೇರೆಯವರು ಹಿಂಡಿಕೊಟ್ಟ ರಸವನ್ನು ಬಟ್ಟಲಿನಲ್ಲಿ ತಿನ್ನುವುದೇ ಕ್ಷೇಮ.

ತಿನ್ನುವ ಕ್ರಮ ಹೀಗೆ: ತೊಳೆದ ಹಣ್ಣನ್ನು ಎರಡೂ ಅಂಗೈಗಳ ನಡುವೆ ಇಟ್ಟು, ಅದನ್ನು ಸುತ್ತಿಸುತ್ತ ಮೆಲ್ಲಗೆ ಅದುಮಬೇಕು. ಮೊದಲು ಗೊರಟೆಯ ಗಡಸು ಬೆರಳಿಗೆ ಸಿಗುವುದಿಲ್ಲ. ತಿರುಳು ಸಡಿಲಗೊಂಡಂತೆ ಗೊರಟೆ ಒಳಗೇ ಜಾರಾಡತೊಡಗುತ್ತದೆ, ಸಿಪ್ಪೆ ಬಿಗಿಯಾಗಿ ಉಬ್ಬುತ್ತದೆ. ಆ ಹಂತದಲ್ಲಿ ತೊಟ್ಟಿನ ಕಡೆಯ ಸಿಪ್ಪೆಯನ್ನು ಹಲ್ಲಿನಿಂದ ಚೂರೇ ಕಿತ್ತು ಬಾಯಿಗಿಟ್ಟುಕೊಂಡು, ತಳದಿಂದ ಮೇಲಕ್ಕೆ ಹಿಂಡುತ್ತ ಬರಬೇಕು. ಅವಸರಪಟ್ಟು ನಡುವಿನಲ್ಲಿ ಅದುಮಿದರೆ ತೆಳು ಸಿಪ್ಪೆ ಪಕ್ಕದಲ್ಲಿ ಬಿರಿದು ರಸ ಅಂಗಿಯ ಮೇಲೆ ಬೀಳುತ್ತದೆ. ರಸ ಮುಗಿದ ಮೇಲೆ ಗೊರಟೆಯನ್ನು ಹೊರಗೆ ಜಾರಿಸಿ ಚೀಪುವುದು, ಆಮೇಲೆ ಸಿಪ್ಪೆಯನ್ನು ಅಗಲಿಸಿ ಒಳಮೈಯನ್ನು ಹಲ್ಲಿನಿಂದ ಕೆರೆದು ತಿನ್ನುವುದು. ಸಿಪ್ಪೆಗೆ ತಾಗಿಕೊಂಡ ಆ ತೆಳು ಪದರದಲ್ಲಿ ಸಿಹಿಯ ಜೊತೆಗೆ ಒಂದು ಸಣ್ಣ ಒಗರು ಇರುತ್ತದೆ. ಚಾಕುವಿನಿಂದ ತಿನ್ನುವವರಿಗೆ ಅದು ಎಂದೂ ದಕ್ಕುವುದಿಲ್ಲ.

ಈ ಎಲ್ಲವನ್ನೂ ಊಟದ ಮೇಜಿನ ಮೇಲೆ ಮಾಡಲಾಗದು. ಹಿತ್ತಲಿನ ಬಾವಿಕಟ್ಟೆಯ ಬಳಿ, ಅದಿಲ್ಲದ ಮನೆಗಳಲ್ಲಿ ನೀರು ಹರಿದುಹೋಗುವ ಬಚ್ಚಲ ಬಾಗಿಲಿನಲ್ಲಿ, ನಡುವೆ ಒಂದು ಪರಾತ ಇಟ್ಟುಕೊಂಡು ಸುತ್ತಲೂ ಕೂರುವುದು ಸರಿಯಾದ ವ್ಯವಸ್ಥೆ. ಮಕ್ಕಳಿಗೆ ಹಳೆಯ ಬಟ್ಟೆ ತೊಡಿಸಬೇಕು. ಕಲೆಯಾದ ಬಟ್ಟೆಗೆ ಮೊದಲು ಬಿಸಿನೀರು ತಾಗಿಸದೆ ತಣ್ಣೀರಿನಲ್ಲಿ ರಸವನ್ನೆಲ್ಲ ಬಿಡಿಸಿ, ಆಮೇಲೆ ಸಾಬೂನು ಹಚ್ಚಿ ಬಿಸಿಲಿಗೆ ಹಾಕಬೇಕು. ಗೊರಟೆ ಸಿಪ್ಪೆಗಳನ್ನು ಒಳಗೆ ಬಿಟ್ಟರೆ ಹೊತ್ತು ಮುಳುಗುವ ಮುನ್ನ ಇರುವೆ ಮುತ್ತುತ್ತವೆ, ಹಾಗಾಗಿ ತಿಂದೊಡನೆ ಗೊಬ್ಬರಗುಂಡಿಗೆ ಹಾಕಿ ನೆಲವನ್ನು ಒದ್ದೆಬಟ್ಟೆಯಿಂದ ಒರೆಸಬೇಕು.

ಈಗ ಸೀಕರಣೆಯ ಮಾತು. ಇಶಾಡದ ತಿರುಳು ಸೀಕರಣೆಗೆಂದೇ ಇರುವಂಥದ್ದು, ಆದರೆ ಅದನ್ನು ಮಿಕ್ಸರಿಗೆ ಹಾಕುವುದು ಅನ್ಯಾಯ. ಮಿಕ್ಸರಿನಲ್ಲಿ ಗಾಳಿ ಸೇರಿ ರಸ ನೊರೆಗಟ್ಟುತ್ತದೆ, ಬಣ್ಣ ಮಾಸುತ್ತದೆ, ಗೊರಟೆಯ ಬಳಿಯ ನಾರೂ ಪುಡಿಯಾಗಿ ನಾಲಿಗೆಗೆ ಒರಟಾಗುತ್ತದೆ. ಕೈಯಿಂದ ಹಿಂಡಿದರೆ ನಾರು ಗೊರಟೆಯಲ್ಲೇ ಉಳಿಯುತ್ತದೆ. ಮಧ್ಯಮ ಗಾತ್ರದ ಆರು ಹಣ್ಣಿಗೆ ಒಂದು ದೊಡ್ಡ ತೆಂಗಿನಕಾಯಿಯ ದಪ್ಪ ಹಾಲು ಸಾಕು. ಬೆಲ್ಲವನ್ನು ಹಣ್ಣಿನ ಸಿಹಿ ನೋಡಿಕೊಂಡು ಹಾಕಬೇಕು, ಒಳ್ಳೆಯ ಹಣ್ಣಿಗೆ ಒಂದು ಸಣ್ಣ ತುಂಡು ಬೆಲ್ಲವೇ ಹೆಚ್ಚಾಗುತ್ತದೆ. ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿಯ ಪುಡಿ. ಇಷ್ಟರ ಹೊರತು ಹಾಲಿನ ಕೆನೆಯಾಗಲಿ ಗೋಡಂಬಿಯಾಗಲಿ ಬೇಡ, ಅವು ಹಣ್ಣಿನ ಪರಿಮಳವನ್ನು ಮುಚ್ಚಿಬಿಡುತ್ತವೆ. ಘಟ್ಟದ ಮೇಲೆ ಶಿರಸಿಯ ಕಡೆ ಇದನ್ನು ತೆಳ್ಳೇವು ಎಂಬ ತೆಳು ದೋಸೆಯ ಜೊತೆ ಬಡಿಸುತ್ತಾರೆ, ನಮ್ಮಲ್ಲಿ ಒತ್ತು ಶಾವಿಗೆಯ ಜೊತೆಗೂ ತಿನ್ನುತ್ತೇವೆ. ನನಗೆ ತೆಳ್ಳೇವೇ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅದರ ಉಪ್ಪು ಮತ್ತು ಬಿಸಿ ರಸದ ಸಿಹಿಯನ್ನು ಎತ್ತಿಕೊಡುತ್ತವೆ. ಹಿಂಡಿದ ಗೊರಟೆಗಳನ್ನು ಎಸೆಯಬೇಡಿ. ಒಂದು ಲೋಟ ನೀರಿನಲ್ಲಿ ಅವನ್ನು ಕಿವುಚಿ ತೊಳೆದು, ಆ ನೀರಿಗೆ ಕಾಯಿತುರಿ, ಸಾಸಿವೆ, ಒಣಮೆಣಸು ಅರೆದು ಸೇರಿಸಿ, ಗೊರಟೆಗಳನ್ನೂ ಅದರಲ್ಲೇ ಬಿಟ್ಟರೆ ಅನ್ನಕ್ಕೆ ಸಾಸಿವೆ ಎಂದೇ ಕರೆಯುವ ಒಳ್ಳೆಯ ಮೇಲೋಗರವಾಗುತ್ತದೆ.

ಪೆಟ್ಟಿಗೆಯ ಹಣ್ಣು ಈ ಯಾವ ಕೆಲಸಕ್ಕೂ ಸರಿಯಾಗಿ ಒದಗಲಿಲ್ಲ. ನಾನು ತರಿಸಿದ್ದು ಚೆಂದದ ಪೆಟ್ಟಿಗೆಯಲ್ಲಿ, ಒಂದೊಂದು ಹಣ್ಣಿಗೂ ಬಲೆಯ ಕವಚ ತೊಡಿಸಿ ಬಂದಿತ್ತು. ತಲುಪಿದ ದಿನ ಎಲ್ಲವೂ ಗಟ್ಟಿಯಾಗಿದ್ದವು. ಮನೆಯಲ್ಲಿ ಹುಲ್ಲಿನಲ್ಲಿಟ್ಟ ಮೇಲೆ ಕೆಲವು ತೊಟ್ಟಿನ ಬಳಿ ಕಪ್ಪಾಗಿ ಕೊಳೆಯುತ್ತ ಬಂದವು, ಕೆಲವು ಮೆತ್ತಗಾದರೂ ಸಪ್ಪೆಯಾಗಿ, ಹುಳಿ ಬಿಡದೆ ಉಳಿದವು. ದೂರು ಹೇಳಿದಾಗ ಮಾರಿದವರು ಹವಾಮಾನದ ಕಾರಣ ಕೊಟ್ಟು ಸುಮ್ಮನಾದರು. ಕಾರಣ ಹವಾಮಾನಕ್ಕಿಂತ ಕೊಯ್ಲಿನಲ್ಲಿದೆ ಎಂದು ನನ್ನ ನಂಬಿಕೆ. ಮರದಲ್ಲಿ ಬಲಿಯುವಾಗ ಕಾಯಿಯಲ್ಲಿ ಪಿಷ್ಟ ಕೂಡುತ್ತದೆ, ಕೊಯ್ದ ಮೇಲೆ ಹಣ್ಣಾಗುವಾಗ ಆ ಪಿಷ್ಟವೇ ಸಕ್ಕರೆಯಾಗುತ್ತದೆ. ಸಾಗಣೆಯಲ್ಲಿ ಒಡೆಯಬಾರದೆಂದು ಬಲಿಯುವ ಮುಂಚೆಯೇ ಕೊಯ್ದ ಕಾಯಿಯಲ್ಲಿ ಸಕ್ಕರೆಯಾಗಬೇಕಾದ ಪಿಷ್ಟವೇ ಸಾಕಷ್ಟು ಇರುವುದಿಲ್ಲ. ಹಣ್ಣು ಮಾಡಲು ಎಥಿಲೀನ್ ಅನಿಲವನ್ನು 100 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 100 ಭಾಗ) ಮಿತಿಯೊಳಗೆ ಬಳಸಲು ಆಹಾರ ಸುರಕ್ಷತಾ ನಿಯಮಗಳು ಅನುಮತಿಸುತ್ತವೆ, ಕ್ಯಾಲ್ಸಿಯಂ ಕಾರ್ಬೈಡನ್ನು ನಿಷೇಧಿಸಿವೆ. ಆದರೆ ಅನುಮತಿಯಿರುವ ಅನಿಲವೂ ಬಲಿಯದ ಕಾಯಿಗೆ ಬಣ್ಣ ಮತ್ತು ಮೆದುತನವನ್ನು ಕೊಡಬಹುದೇ ಹೊರತು ಇಲ್ಲದ ಸಿಹಿಯನ್ನು ತುಂಬಲಾರದು. ಬೆಂಗಳೂರಿನಲ್ಲಿರುವ ಬಂಧುಗಳಿಗೆ ಇಶಾಡ ಕಳುಹಿಸಲೇಬೇಕೆನ್ನುವವರು ಬಿಳಿ ಇಶಾಡವನ್ನು ಆರಿಸಿಕೊಳ್ಳಲಿ. ರುಚಿ ಸ್ವಲ್ಪ ಇಳಿದರೂ ಅದರ ದಪ್ಪ ಸಿಪ್ಪೆ ಪ್ರಯಾಣವನ್ನು ತಾಳಿಕೊಳ್ಳುತ್ತದೆ.

ಹಣ್ಣು ಹೆಚ್ಚಾಗಿ ಉಳಿದರೆ ಏನು ಮಾಡುವುದೆಂಬುದನ್ನು ಕೊಳ್ಳುವ ಮುನ್ನವೇ ನಿಶ್ಚಯಿಸಿಕೊಂಡಿರಬೇಕು. ಪೂರ್ತಿ ಹಣ್ಣಾಗದ್ದನ್ನು ಫ್ರಿಜ್ಜಿನಲ್ಲಿಡಬಾರದು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪಿನಲ್ಲಿ ಕಾಯಿಮಾವು ಮರಗಟ್ಟಿದಂತಾಗಿ ಆಮೇಲೆ ಸರಿಯಾಗಿ ಹಣ್ಣಾಗುವುದೇ ಇಲ್ಲ. ಹಣ್ಣಾದದ್ದನ್ನು ಒಂದು ದಿನದ ಮಟ್ಟಿಗೆ ಇಡಬಹುದು, ಪರಿಮಳ ತಗ್ಗುತ್ತದೆ. ಅದಕ್ಕಿಂತ ಹೆಚ್ಚು ಉಳಿಸಬೇಕಾದರೆ ರಸ ಹಿಂಡಿ, ಸಕ್ಕರೆ ಸೇರಿಸಿ, ದಪ್ಪ ತಳದ ಪಾತ್ರೆಯಲ್ಲಿ ಕೈಬಿಡದೆ ಕಾಯಿಸಿ, ಒಣಗಿದ ಬಾಟಲಿಗೆ ತುಂಬಿಡುವುದು ಒಂದು ದಾರಿ. ಇನ್ನೊಂದು ದಾರಿ ಕಾರವಾರದ ಕೊಂಕಣಿ ಮನೆಗಳಲ್ಲಿ ಸಾಟ್ ಎಂದು ಕರೆಯುವ ಹಣ್ಣಿನ ಹಪ್ಪಳ: ತುಪ್ಪ ಸವರಿದ ತಟ್ಟೆಯಲ್ಲಿ ರಸವನ್ನು ತೆಳುವಾಗಿ ಹರಡಿ, ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು ಪದರ ಹಾಕುತ್ತ ಹೋಗುವುದು. ಅದಕ್ಕೆ ಎಡೆಬಿಡದ ಬಿಸಿಲು ಬೇಕು, ಆದ್ದರಿಂದ ಮೇ ಮಧ್ಯದೊಳಗೆ ಶುರುಮಾಡದಿದ್ದರೆ ಕೈಗೂಡುವುದಿಲ್ಲ.

ಮಳೆ ಹಿಡಿದ ಮೇಲೂ ಕೆಲವು ದಿನ ಬುಟ್ಟಿಗಳು ಕಾಣುತ್ತವೆ, ದರವೂ ಇಳಿದಿರುತ್ತದೆ. ಆ ಹಣ್ಣನ್ನು ಹಿಂಡಿ ತಿನ್ನುವುದಕ್ಕೆ ಕೊಳ್ಳಬೇಡಿ. ಹಣ್ಣುನೊಣ ಸಿಪ್ಪೆಯಡಿ ಇಟ್ಟ ಮೊಟ್ಟೆಗಳು ಒಡೆದು ತಿರುಳಿನಲ್ಲಿ ಹುಳ ಹರಿದಾಡುತ್ತಿರುವುದು ಹೊರಗಿನಿಂದ ತಿಳಿಯುವುದಿಲ್ಲ, ಬಾಯಿಗಿಟ್ಟು ಹಿಂಡುವಾಗ ನೋಡುವುದಕ್ಕೂ ಆಗುವುದಿಲ್ಲ. ಕೊಂಡದ್ದಾದರೆ ಒಂದೊಂದನ್ನೂ ಕೊಯ್ದು, ಬೆಳಕಿನಲ್ಲಿ ಗೊರಟೆಯವರೆಗೂ ನೋಡಿ, ಒಳ್ಳೆಯ ಭಾಗವನ್ನು ಮಾತ್ರ ಗೊಜ್ಜಿಗೆ ಬಳಸಿ.