ನಮ್ಮದೇ ಲೈವ್ ಲಿನಕ್ಸ್: ಕ್ಯೂಬಿಕ್, ಎಂಎಕ್ಸ್ ಸ್ನ್ಯಾಪ್‌ಶಾಟ್, ಲೈವ್-ಬಿಲ್ಡ್

ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಬೇಕಿತ್ತು. ಬೂಟ್ ಆದ ಕೂಡಲೇ ಕನ್ನಡ ಫಾಂಟ್, ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಬೋರ್ಡ್, ಲಿಬ್ರೆ ಆಫೀಸ್ ಇರಬೇಕು. ಆಟಗೀಟ ಬೇಡ. ಇಷ್ಟಕ್ಕೆ ಕ್ಯೂಬಿಕ್, ಎಂಎಕ್ಸ್ ಸ್ನ್ಯಾಪ್‌ಶಾಟ್, ಲೈವ್-ಬಿಲ್ಡ್ ಅನ್ನೋ ಮೂರು ದಾರಿ ಹಿಡಿದು ನೋಡಿದೆ. ಹೊಸಬರು ಕ್ಯೂಬಿಕ್‌ನಿಂದ ಶುರು ಮಾಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಅಲ್ಲೇ ನಿಂತುಬಿಡಬೇಡಿ.

ಕ್ಯೂಬಿಕ್ ಇರುವುದು ಉಬುಂಟು ಮತ್ತು ಅದರ ಬಳಗಕ್ಕೆ. ಐಎಸ್ಒ ಫೈಲ್ (ಇಡೀ ಡಿಸ್ಕನ್ನು ಒಂದೇ ಫೈಲ್ ಮಾಡಿಟ್ಟದ್ದು) ತೋರಿಸಿದರೆ ಅದರೊಳಗಿನ ಸ್ಕ್ವಾಶ್‌ಎಫ್ಎಸ್ ಅನ್ನೋ ಒತ್ತಿ ಕಟ್ಟಿದ ಕಂತೆಯನ್ನು ಬಿಚ್ಚಿ, ಒಂದು ಟರ್ಮಿನಲ್ ಕೊಡುತ್ತದೆ. ಅಲ್ಲಿ ಟೈಪ್ ಮಾಡಿದ್ದೆಲ್ಲ ನಿಮ್ಮ ಕಂಪ್ಯೂಟರಿಗಲ್ಲ, ತಯಾರಾಗುತ್ತಿರುವ ಡಿಸ್ಕಿಗೆ ಹೋಗುತ್ತದೆ. ಗುಬ್ಬಿ, ನವಿಲು ಫಾಂಟುಗಳ ಪ್ಯಾಕೇಜ್, ಕಗಪಕ್ಕೆ ಐಬಸ್-ಎಂ17ಎನ್ ಅನ್ನೋ ಟೈಪಿಂಗ್ ಪ್ಯಾಕೇಜ್, ಎಲ್ಲವನ್ನೂ ಎಪಿಟಿ ಇನ್‌ಸ್ಟಾಲ್ ಅಂತ ಹಾಕಿದರಾಯಿತು. ಆಮೇಲೆ ನೆಕ್ಸ್ಟ್ ಒತ್ತುತ್ತಾ ಹೋಗುವುದು. ಕೊನೆಯಲ್ಲಿ ಟೆಸ್ಟ್ ಬಟನ್ ಒತ್ತಿದರೆ ಕ್ಯೂಇಎಂಯು ಅನ್ನೋ ವರ್ಚುವಲ್ ಕಂಪ್ಯೂಟರಿನ ಒಳಗೆ ಡಿಸ್ಕ್ ಬೂಟ್ ಆಗುತ್ತದೆ. ಪೆನ್‌ಡ್ರೈವಿಗೆ ಬರೆಯುವ ಮೊದಲೇ ನೋಡಬಹುದು.

ತೊಡಕು ಒಂದಿದೆ. ಅಲ್ಲಿ ಬರೀ ಟರ್ಮಿನಲ್, ಡೆಸ್ಕ್‌ಟಾಪ್ ಇಲ್ಲ. ವಾಲ್‌ಪೇಪರ್ ಬದಲಾಯಿಸೋಣ ಅಂದರೆ ರೈಟ್ ಕ್ಲಿಕ್ ಮಾಡಲು ಏನೂ ಇರುವುದಿಲ್ಲ. ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪ್ ಆದರೆ ಸ್ಕೀಮಾಗಳ (ಮೂಲ ಸೆಟ್ಟಿಂಗ್‌ಗಳ) ಫೋಲ್ಡರಿನಲ್ಲಿ ಒಂದು ಓವರ್‌ರೈಡ್ ಫೈಲ್ ಬರೆದು, ಸ್ಕೀಮಾಗಳನ್ನು ಮತ್ತೆ ಕಂಪೈಲ್ ಮಾಡಬೇಕು. ಕಗಪ ತಾನಾಗಿಯೇ ಕೀಬೋರ್ಡ್ ಪಟ್ಟಿಯಲ್ಲಿ ಬರಬೇಕಾದರೂ ಇದೇ ದಾರಿ. ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಬರುವುದಿಲ್ಲ.

ಈ ತಲೆನೋವು ಎಂಎಕ್ಸ್ ಸ್ನ್ಯಾಪ್‌ಶಾಟ್‌ನಲ್ಲಿ ಇಲ್ಲ ಅಂದುಕೊಳ್ಳುತ್ತೇವೆ. ಎಂಎಕ್ಸ್ ಲಿನಕ್ಸ್ ಇನ್‌ಸ್ಟಾಲ್ ಮಾಡಿ, ಮೌಸ್ ಹಿಡಿದು ಬೇಕಾದ ಹಾಗೆ ಸಜ್ಜು ಮಾಡಿ, ಸ್ನ್ಯಾಪ್‌ಶಾಟ್ ಒತ್ತಿದರೆ ಅದೇ ಐಎಸ್ಒ ಆಗುತ್ತದೆ. ಆದರೆ ಅದು ಎರಡು ಬಗೆ ಕೇಳುತ್ತದೆ: ಅಕೌಂಟ್ ಉಳಿಸಲೋ, ರೀಸೆಟ್ ಮಾಡಲೋ? ಉಳಿಸಿದರೆ ನಿಮ್ಮ ಹೋಂ ಫೋಲ್ಡರ್, ಬ್ರೌಸರಿನಲ್ಲಿ ಸೇವ್ ಆದ ಪಾಸ್‌ವರ್ಡ್ ಸಮೇತ ಡಿಸ್ಕಿಗೆ ಹೋಗುತ್ತದೆ. ಅಂಥದ್ದನ್ನು ಬೇರೆಯವರ ಕೈಗೆ ಕೊಡುವ ಹಾಗಿಲ್ಲ. ರೀಸೆಟ್ ಮಾಡಿದರೆ ಡೆಮೊ ಅನ್ನೋ ಹೊಸ ಬಳಕೆದಾರ ಬರುತ್ತಾನೆ, ನಿಮ್ಮ ವಾಲ್‌ಪೇಪರ್ ಮಾಯ! ಅದು ಉಳಿಯಬೇಕಾದರೆ ಸೆಟ್ಟಿಂಗ್ ಫೈಲುಗಳನ್ನು ಇಟಿಸಿ ಒಳಗಿನ ಸ್ಕೆಲ್ ಫೋಲ್ಡರಿಗೆ ಕಾಪಿ ಮಾಡಿರಬೇಕು. ಹೊಸ ಬಳಕೆದಾರನ ಹೋಂ ಹುಟ್ಟುವುದು ಅಲ್ಲಿಂದಲೇ. ನನ್ನ ಮಟ್ಟಿಗೆ ಇದು ನಮ್ಮದೇ ಸಿಸ್ಟಮ್ಮಿನ ಬ್ಯಾಕಪ್‌ಗೆ ಬೊಂಬಾಟ್, ಹಂಚಲು ಅಷ್ಟಕ್ಕಷ್ಟೆ.

ಡೆಬಿಯನ್ನಿನ ಲೈವ್-ಬಿಲ್ಡ್‌ಗೆ ಕಿಟಕಿ, ಬಟನ್ ಏನೂ ಇಲ್ಲ. ಖಾಲಿ ಫೋಲ್ಡರಿನಲ್ಲಿ 'ಎಲ್‌ಬಿ ಕಾನ್ಫಿಗ್' ಕೊಟ್ಟರೆ ಒಂದಷ್ಟು ಫೋಲ್ಡರ್ ಹುಟ್ಟುತ್ತವೆ. ಪ್ಯಾಕೇಜ್ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆಯಬೇಕು, ಸಾಲಿಗೊಂದು. ಫೈಲ್ ಹೆಸರು 'ಲಿಸ್ಟ್ ಡಾಟ್ ಸಿಎಚ್‌ರೂಟ್' ಅಂತಲೇ ಮುಗಿಯಬೇಕು. ಆಮೇಲೆ 'ಎಲ್‌ಬಿ ಬಿಲ್ಡ್'. ಎಲ್ಲವನ್ನೂ ನೆಟ್‌ನಿಂದ ಇಳಿಸಿಕೊಂಡು ಕಟ್ಟುತ್ತದೆ, ಹಾಗಾಗಿ ಮೊದಲ ಸಲ ಸಮಯ ಜಾಸ್ತಿ. ಒಂದು ಹೆಸರಿನಲ್ಲಿ ಅಕ್ಷರ ತಪ್ಪಿದರೂ ಮಧ್ಯದಲ್ಲೇ ನಿಂತುಬಿಡುತ್ತದೆ. ಸರಿಮಾಡಿ, 'ಎಲ್‌ಬಿ ಕ್ಲೀನ್' ಕೊಟ್ಟು, ಮತ್ತೆ ಶುರು.

ಇಷ್ಟೆಲ್ಲ ಯಾಕೆ ಅಂದರೆ, ಇಲ್ಲಿ ನೀವು ಮಾಡಿದ್ದೆಲ್ಲ ಬರವಣಿಗೆಯಲ್ಲಿ ಉಳಿಯುತ್ತದೆ. 2023ರ ಡೆಬಿಯನ್ 12ಕ್ಕೆ ಬರೆದ ಪಟ್ಟಿಯನ್ನು 2025ರ ಡೆಬಿಯನ್ 13ಕ್ಕೂ ಬಳಸಬಹುದು. 12ರ ಹೆಸರಾದ ಬುಕ್‌ವರ್ಮ್ ಇದ್ದಲ್ಲಿ 13ರ ಹೆಸರು ಟ್ರಿಕ್ಸಿ ಅಂತ ಬದಲಾಯಿಸಿ, ಹೆಸರು ಬದಲಾದ ಪ್ಯಾಕೇಜ್ ಇದ್ದರೆ ಸರಿಮಾಡಿದರೆ ಆಯಿತು. ಕ್ಯೂಬಿಕ್‌ನಲ್ಲಿ ಹೊಸ ಐಎಸ್ಒ ಬಂದರೆ ಅದೇ ಕಮಾಂಡುಗಳನ್ನು ಮತ್ತೆ ಹೊಡೆಯಬೇಕು. ಅದಕ್ಕೇ ಕ್ಯೂಬಿಕ್ ಬಳಸುವಾಗಲೂ ಹೊಡೆದ ಕಮಾಂಡುಗಳನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಲೈವ್-ಬಿಲ್ಡ್‌ಗೆ ಹೋದಾಗ ಪಟ್ಟಿ ಅರ್ಧ ಅಲ್ಲೇ ಸಿಗುತ್ತದೆ.

ಇನ್ನು ಸೈಜ್. ನಿಜವಾದ, ಸಾಮಾನ್ಯ ಒಂದು ಪದರದ ಡಿವಿಡಿಗೇ ಬರೆಯುವವರಿಗೆ 4.7 ಜಿಬಿಯೇ ಮಿತಿ. ಉಬುಂಟು 24.04 ಡೆಸ್ಕ್‌ಟಾಪ್ ಐಎಸ್ಒ ಹೇಗಿದೆಯೋ ಹಾಗೆ ಅದರಲ್ಲಿ ಹಿಡಿಸುವುದಿಲ್ಲ. ಮಿಂಟ್ ಎಕ್ಸ್‌ಎಫ್‌ಸಿಇ ತರಹದ ಹಗುರವಾದದ್ದು ತೆಗೆದುಕೊಂಡು, ಕ್ಯೂಬಿಕ್‌ನಲ್ಲಿ ಎಕ್ಸ್‌ಝಡ್ ಕಂಪ್ರೆಷನ್ ಆರಿಸಿ. ನಿಧಾನ, ಆದರೆ ಫೈಲ್ ಚಿಕ್ಕದಾಗುತ್ತದೆ. ಪೆನ್‌ಡ್ರೈವ್ ಆದರೆ ಈ ಗೋಜಿಲ್ಲ. ಹಲವು ಐಎಸ್ಒಗಳನ್ನು ಒಂದೇ ಪೆನ್‌ಡ್ರೈವಿನಿಂದ ಬೂಟ್ ಮಾಡಿಸುವ ವೆಂಟಾಯ್ ಹಾಕಿ, ಮೂರೂ ಐಎಸ್ಒ ಕಾಪಿ ಮಾಡಿ, ಬೂಟ್ ಮೆನುವಿನಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಿ.